ರೂತಕ್ಕನ ಸಾಗವಾನಿ ಮೇಜು

ನನಗೆ ಸಾಮಾನುಗಳ ಮೇಲೆ ವಿಪರೀತ ಮೋಹ. ನಮ್ಮ ಸೋಫಾ ಬಂದು ವರ್ಷಗಳೇ ಆದರೂ ಅದರ ಪ್ಲಾಸ್ಟಿಕ್ ಹೊದಿಕೆಯನ್ನು ನಾನಿನ್ನೂ ತೆಗೆದಿಲ್ಲ. ಬೇಸಿಗೆಯಲ್ಲಿ ಬೀಗರು ಕೂತು ಏಳುವಾಗ ಪ್ಲಾಸ್ಟಿಕ್ಕು ಅವರ ಜೊತೆಗೇ ಎದ್ದು ನಿಲ್ಲುತ್ತದೆ. ಯಜಮಾನರು, "ಇದನ್ನ ಯಾರ ಸಲುವಾಗಿ ಕಾದಿಟ್ಟೀ?" ಎಂದು ಕೇಳುತ್ತಾರೆ. ನಾನು ಹೊದಿಕೆಯ ಸುಕ್ಕು ಸರಿಮಾಡುತ್ತೇನೆ.

ಇಂಥ ನನಗೆ ರೋಣದಲ್ಲಿ ನೆರೆಯಾಗಿ ಸಿಕ್ಕವಳು ರೂತಕ್ಕ. ಸಾಲಿಯಲ್ಲಿ ಮಕ್ಕಳಿಗೆ ಕಲಿಸುವ ಬಾಯಾರಾಗಿದ್ದು ನಿವೃತ್ತಳಾದವಳು. ಗಂಡನದು ಪಂಪ್‌ಸೆಟ್ಟಿನ ಅಂಗಡಿ. ಕ್ರೈಸ್ತ ಭಕ್ತೆ ಎಂದರೆ ಬಿಳಿ ಸೀರೆ, ಬರಿಗೋಡೆ, ಬಗ್ಗಿದ ತಲೆ ಎಂದು ನಾನು ಯಾಕೋ ತಿಳಿದುಕೊಂಡಿದ್ದೆ. ಈಕೆ ನೋಡಿದರೆ ಇಳಕಲ್ ಸೀರೆಯ ದಡಿ ಹೀಗೇ ಇರಬೇಕೆಂದು ಅಂಗಡಿಯವನ ಜೊತೆ ಅರ್ಧ ದಿನ ವಾದಿಸುವ ಹೆಣ್ಣು. ಮನೆಯಲ್ಲಿ ಇಲ್ಲದ ವಸ್ತುವಿಲ್ಲ. ಆದರೆ ಹೊಸದೇನು ಬಂದರೂ ಅದರ ಮೇಲೆ ಕೈಯಿಟ್ಟು ಕಣ್ಣು ಮುಚ್ಚುತ್ತಿದ್ದಳು. "ಸ್ವಾಮಿ, ಇದು ನಿಂದು. ನನ್ನ ಮನಸಿನಾಗ ನಿನ್ನ ಜಾಗಾಕ್ಕ ಇದು ಬಂದು ಕುಂದರಲಾರದಂಗ ನೋಡ್ಕೋ." ಒಮ್ಮೆ ಮಿಕ್ಸರಿಗೂ ಹೀಗೆ ಪ್ರಾರ್ಥನೆಯಾಯಿತು. ಚಟ್ನಿ ರುಬ್ಬುವ ಯಂತ್ರವೊಂದು ದೇವರ ಪೀಠಕ್ಕೇ ಕಣ್ಣು ಹಾಕೀತೇ ಎಂದು ನಾನು ಸೆರಗಿನಲ್ಲಿ ನಕ್ಕಿದ್ದೆ.

ಆಮೇಲೆ ಆ ಮೇಜು ಬಂತು. ಗಜೇಂದ್ರಗಡದ ಬಡಿಗೇರರೊಬ್ಬರ ಕೈಕೆಲಸ, ಹಳೇ ಸಾಗವಾನಿ, ಕನ್ನಡಿಯಂಥ ಪಾಲಿಶ್. ಲಗ್ನವಾದಾಗಿನಿಂದ ರೂತಕ್ಕ ಕಂಡ ಕನಸು ಅದು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮೆತ್ತನೆ ಅರಿವೆಯಿಂದ ಒರೆಸುತ್ತಿದ್ದಳು. ಅದನ್ನು ಕಂಡು, ಈಕೆಯೂ ಕಡೆಗೆ ನಮ್ಮ ಪಂಗಡ ಸೇರಿದಳಲ್ಲಾ ಎಂದು ನನಗೆ ಒಳಗೊಳಗೇ ಸಮಾಧಾನ.

ಆ ಮಳೆಗಾಲದಲ್ಲಿ ಮಲಪ್ರಭೆ ಉಕ್ಕಿತು. ಮೆಣಸಗಿ, ಹೊಳೆಮಣ್ಣೂರ ಕಡೆಯಿಂದ ಜನ ಗಂಟುಮೂಟೆ ಕಟ್ಟಿಕೊಂಡು ರೋಣಕ್ಕೆ ಬಂದರು. ಸಾಲಿಯ ಕೋಣೆಗಳೆಲ್ಲ ತುಂಬಿದವು. ಮೆಣಸಗಿಯ ಶಾಂತಾ ಎಂಬ ಹಸಿ ಬಾಣಂತಿ, ಆಕೆಯ ಕೂಸು, ಅತ್ತೆ ಬಸವ್ವ ಅಲ್ಲಿ ಥಂಡಿಯ ನೆಲದ ಮೇಲೆ ಮಲಗಿದ್ದಾರೆಂದು ಸುದ್ದಿ ಬಂತು. ರೂತಕ್ಕ ಹೋಗಿ ಮೂವರನ್ನೂ ಮನೆಗೆ ಕರೆತಂದಳು. ಅವರಿಗೆ ಹಾಸಿಕೊಟ್ಟು, ಅಡಿಗೆಮನೆಯಲ್ಲಿ ನನ್ನ ಕಿವಿಯಲ್ಲಿ ಹೇಳಿದಳು: "ಖರೇ ಹೇಳಲೇನ್ರಿ? ಸುದ್ದಿ ಕೇಳಿದ ಕೂಡ್ಲೆ ನನಗ ಮೊದಲ ನೆನಪಾದದ್ದು ಕೂಸಲ್ಲ, ಮೇಜು. ನನಗ ನನ್ನ ಮನಸಿಂದೇ ಅಂಜಿಕಿ ಬಂತು."

ಮೇಜಿಗೂ ಅಂಜಿದಂತೆಯೇ ಆಯಿತು. ಉಪಕಾರಕ್ಕೆ ಏನಾದರೂ ಮಾಡಬೇಕೆಂಬ ತವಕದಲ್ಲಿ ಬಸವ್ವ ಮರುದಿನ ಕೂಸಿಗೆ ಎರೆಯಲು ನೀರು ಕಾಯಿಸಿದಳು. ಕುದಿಯುವ ಪಾತ್ರೆಯನ್ನು ಇಳಿಸಿ ತಂದವಳು ನೇರ ಮೇಜಿನ ಮೇಲೇ ಇಟ್ಟಳು. ಎತ್ತಿದಾಗ ನಟ್ಟನಡುವೆ ಚಂದ್ರನಷ್ಟು ದುಂಡನೆಯ ಬಿಳಿ ಕಲೆ! ಮೇಜು ನನ್ನದಲ್ಲದಿದ್ದರೂ ನಾನು ಓಡಿಹೋಗಿ ಸೆರಗಿನಿಂದ ಒರೆಸಿ ನೋಡಿದೆ. ಬಸವ್ವ, "ನನ್ನ ಕೈ ಬಿದ್ದು ಹೋಗ್ಲಿ, ಎಂಥಾ ಕೆಲಸಾ ಮಾಡಿದೆ ಯವ್ವಾ" ಎಂದು ಅಳತೊಡಗಿದಳು. ಶಾಂತಾ ಕೂಸನ್ನು ಎದೆಗವಚಿಕೊಂಡು ಬಾಗಿಲ ಕಡೆ ನೋಡಿದಳು. ಈಗಲೇ ಎದ್ದು ಹೋಗಬೇಕಾದೀತೆಂಬ ಭಯ ಆ ನೋಟದಲ್ಲಿತ್ತು.

ರೂತಕ್ಕನ ಮುಖ ಕೆಂಪಾಯಿತು. ಒಳಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡಳು. ಅವಳ ಬಿಕ್ಕು ನನಗೆ ಕೇಳಿಸಿತು. ಆಮೇಲೆ ಮಾತು: "ಯೇಸುಸ್ವಾಮಿ, ಭಾಳ ಸಿಟ್ಟು ಬಂದದ. ಒಂದು ಹಲಗಿ ಸಲುವಾಗಿ ಆ ಮುದುಕಿನ್ನ ನಾ ಸಣ್ಣಾಕಿ ಮಾಡಬಾರದು. ನನ್ನನ್ನ ಹಿಡಕೋ."

ಹೊರಗೆ ಬಂದಾಗ ಕಣ್ಣು ಒದ್ದೆಯಿತ್ತು, ಕೈಯಲ್ಲಿ ಹಳೇ ಅರಿವೆ ಪದರಿಟ್ಟು ಹೊಲಿದ ದಪ್ಪನೆಯ ಕೌದಿಯಿತ್ತು. ಅದನ್ನು ಮೇಜಿನ ತುಂಬ ಹಾಸಿ, "ಬಸವ್ವಾ, ಕೂಸಿನ್ನ ಇಲ್ಲೇ ಹಾಕಿ ಎಣ್ಣಿ ತಿಕ್ಕ್ರಿ. ಎತ್ತರ ಚಲೋ ಅದ, ನಿಮ್ಮ ನಡಾನೂ ನೋಯೂದಿಲ್ಲ" ಎಂದಳು. ಬಸವ್ವ ನಂಬಲಾರದೆ ನಿಂತಳು. ರೂತಕ್ಕ ತಾನೇ ಕೂಸನ್ನೆತ್ತಿ ಅಲ್ಲಿ ಮಲಗಿಸಿದಳು. ನೀರಿಳಿದು ಅವರು ಊರಿಗೆ ಮರಳುವತನಕ ಆ ಪುಟ್ಟ ಮಹಾರಾಯ ದಿನಾ ಸಾಗವಾನಿಯ ಮೇಲೆಯೇ ಎಣ್ಣೆ ಹಚ್ಚಿಸಿಕೊಂಡು, ಕೈಕಾಲು ಬಡಿದು, ಯಾವ ಮುಲಾಜೂ ಇಲ್ಲದೆ ಕೌದಿ ತೋಯಿಸಿದ. ರೂತಕ್ಕ ನಗುತ್ತಾ ಒಗೆದಳು. ಒಂದು ಸಲ ನಗು ಬರುವುದಕ್ಕೆ ತುಸು ತಡವಾದದ್ದನ್ನೂ ನಾನು ಕಂಡೆ.

ಸುಗ್ಗಿಯ ಹೊತ್ತಿಗೆ ಅವರನ್ನು ನೋಡಲು ಮೆಣಸಗಿಗೆ ಹೋಗಿದ್ದೆವು. ಬಸವ್ವ ಸಾರಿಸಿದ ನೆಲದ ಮೇಲೆ ಕೂಡ್ರಿಸಿ ಬಿಸಿ ರೊಟ್ಟಿ, ಪುಂಡಿಪಲ್ಲೆ ಬಡಿಸಿದಳು. ತಿರುಗಿ ಬರುವಾಗ ಗಾಡಿಯಲ್ಲಿ ನಾನು ಕೇಳಿಯೇಬಿಟ್ಟೆ: "ಇಷ್ಟು ಒದ್ದಾಡೂದಕಿಂತ ಎಲ್ಲಾ ಯಾರಿಗಾದರೂ ಕೊಟ್ಟು ಕೈ ತೊಳಕೊಂಡ್ರ ಆರಾಮ ಅಲ್ಲೇನ್ರಿ?"

"ಕೊಟ್ಟುಬಿಡೂದು ಒಂದ ದಿನದ ಕೆಲಸರೀ" ಎಂದಳು ರೂತಕ್ಕ. "ಮನಿ ತುಂಬ ಇಟ್ಕೊಂಡು ಮನಸ್ಸು ಯೇಸುವಿನ ಕಡೆ ಇಡೂದು ದಿನಾ ಮಾಡೋ ಕೆಲಸ. ನಾ ಅಂತೂ ದಿನಾ ಒಮ್ಮೆರೆ ಸೋಲತೀನಿ."

ದಿನಾ ಸೋಲುವವರ ಮುಖ ಅಷ್ಟು ಗೆಲುವಾಗಿರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.