ಹೊಳ್ಳ ಸರ್ ಹೇಳಿದ ‘ಅಡ್ಡಿಲ್ಲೆ’

ಹೊಳ್ಳ ಸರ್ ಯಾರನ್ನೇ ನೋಡಲಿ, ಅವರ ಕಣ್ಣು ಮೊದಲು ಹೋಗುತ್ತಿದ್ದುದು ಎದುರಿನವರ ಎಲುಬಿಗೆ. ಮುಖ ಆಮೇಲೆ. ಕೌಲಾಲಂಪುರದ ಹತ್ತಿರದ ನಿಲಾಯ್‌ನಲ್ಲಿ, ತಮಿಳು ಮುಸ್ಲಿಮರು ನಡೆಸುವ ಮಾಮಕ್ ಅಂಗಡಿಯಲ್ಲಿ ರೊಟ್ಟಿ ತಂದಿಡುವವನ ಕೈಯನ್ನು ಅವರು ಎಷ್ಟು ಹೊತ್ತು ದಿಟ್ಟಿಸುತ್ತಿದ್ದರೆಂದರೆ, ಅವನು ತಾನೇನೋ ಚೆಲ್ಲಿದೆನೆಂದು ಹೆದರಿ ಮೇಜು ಒರೆಸಿಬಿಡುತ್ತಿದ್ದ. “ಹೆದರಬೇಡ ಮಾರಾಯ, ಒಳ್ಳೆ ಮಣಿಕಟ್ಟು ನಿಂದು” ಎಂದು ಇವರು ಕನ್ನಡದಲ್ಲೇ ಸಮಾಧಾನ ಮಾಡುತ್ತಿದ್ದರು. ಅವನು ತಮಿಳಿನಲ್ಲಿ ಏನೋ ಅಂದು ನಗುತ್ತಿದ್ದ.

ಅವರು ಕುಂದಾಪುರದ ಕಡೆಯವರು. ಮೆಲಾಕಾದ ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಕಲಿಸಿ ನಿವೃತ್ತರಾದ ಮೇಲೆ, ನಾನು ಡಿಪ್ಲೊಮಾ ಓದುತ್ತಿದ್ದ ಸಣ್ಣ ಕಮ್ಯುನಿಟಿ ಕಾಲೇಜಿಗೆ ಬಂದು ಚಿತ್ರ ಬರೆಯುವುದನ್ನು ಕಲಿಸುತ್ತಿದ್ದರು. ಮೆಲಾಕಾದಲ್ಲಿ ಬೋರ್ಡಿನ ಮೇಲೆ ಅವರು ಬರೆದ ಕೈಕಾಲುಗಳನ್ನು ಅಳಿಸಲು ಯಾರಿಗೂ ಮನಸ್ಸು ಬರುತ್ತಿರಲಿಲ್ಲವಂತೆ. ಹಾಗೆಂದು ಅವರೇ ಹೇಳಿದ್ದು, ಹೆಂಡತಿ ಶಾರದಮ್ಮ ಪಕ್ಕದಲ್ಲಿ ಇಲ್ಲದಾಗ.

ನನ್ನ ಅಪ್ಪ ಅಮ್ಮ ಮೈಸೂರಿನವರು. ಅಪ್ಪನ ಕೆಲಸ ಸೈಬರ್‌ಜಯಾದಲ್ಲಿ. ನಾನು ಇಲ್ಲೇ ಬೆಳೆದವಳು. ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಜಾತಿ. ಹೊಳ್ಳ ಸರ್ ಹತ್ತಿರ ಅದು ನಡೆಯಲಿಲ್ಲ. “ನೀನು ಕನ್ನಡದಲ್ಲಿ ಹೇಳುವವರೆಗೆ ನಂಗೆ ಕಿವಿ ಕೇಳುದಿಲ್ಲ” ಎಂದು ಕಿಟಕಿಯ ಕಡೆ ತಿರುಗಿ ಕೂತುಬಿಡುತ್ತಿದ್ದರು. ಇವತ್ತು ನಾನು ಇಷ್ಟು ಕನ್ನಡ ಬರೆಯುತ್ತಿದ್ದರೆ ಅದು ಆ ಹಟಮಾರಿಯ ದಯೆ.

ಬೈಯುವುದರಲ್ಲಿ ಮಾತ್ರ ಅವರು ಧಾರಾಳಿ. “ಈ ಕೈಯನ್ನು ಭುಜಕ್ಕೆ ಗೋಂದು ಹಾಕಿ ಅಂಟಿಸಿದ್ದಾ?” ನಾನು ಕಷ್ಟಪಟ್ಟು ಬರೆದ ಮುದುಕನೊಬ್ಬನನ್ನು ನೋಡಿ, “ಇವ ಎದ್ದು ನಿಂತ್ರೆ ಅಲ್ಲೇ ಉದುರ್ತಾನೆ, ಕೂತೇ ಇರ್ಲಿ ಬಿಡು” ಎಂದಿದ್ದರು. ಹೊಗಳಿದ್ದನ್ನು ನಾವ್ಯಾರೂ ಕೇಳಿರಲಿಲ್ಲ. ಹೇಳಿದ್ದನ್ನು ಇನ್ನೊಮ್ಮೆ ಹೇಳುವ ಅಭ್ಯಾಸವೂ ಅವರಿಗಿರಲಿಲ್ಲ. “ಎರಡನೇ ಸಲ ಹೇಳಿದ್ರೆ ಅದು ಒತ್ತಾಯ” ಎನ್ನುತ್ತಿದ್ದರು.

ಕೊರೋನಾ ಬಂದು ಎಲ್ಲರೂ ಮನೆಯೊಳಗೆ ಸೇರಿಕೊಂಡಾಗ ಅವರ ತರಗತಿ ಲ್ಯಾಪ್‌ಟಾಪಿಗೆ ಬಂತು. ಮಾಡೆಲ್ ಇಲ್ಲದ ಮೇಲೆ ನಾವೇ ಮಾಡೆಲ್‌ಗಳು. “ಕ್ಯಾಮೆರಾ ನೋಡ್ಬೇಡಿ. ನಿಮ್ಮ ನಿಮ್ಮ ದವಡೆ ಮುಟ್ಟಿ ನೋಡಿ, ಅಲ್ಲಿ ಒಂದು ಕೀಲು ಉಂಟು, ಬಾಯಿ ತೆಗೀರಿ, ಮುಚ್ಚಿ.” ನಾನು ದಿನವಿಡೀ ದವಡೆ ಹಿಡಿದುಕೊಂಡು ಬಾಯಿ ಬಿಡುವುದನ್ನು ನೋಡಿ ಅಮ್ಮ ಲವಂಗದೆಣ್ಣೆ ತಂದಳು. ಕೊನೆಗೆ ಅಮ್ಮನನ್ನೇ ಕೂರಿಸಿ ಬರೆಯತೊಡಗಿದೆ. ಹುರುಳಿಕಾಯಿ ಸೋಸುವ ಅಮ್ಮ, ಫೋನಿನಲ್ಲಿ ಮೈಸೂರಿನ ಚಿಕ್ಕಮ್ಮನ ಜ್ವರ ವಿಚಾರಿಸುವ ಅಮ್ಮ, ಮಾಸ್ಕ್ ಒಗೆದು ಹಿಂಡುವ ಅಮ್ಮ.

ಡಿಪ್ಲೊಮಾ ಮುಗಿಯುವ ಹೊತ್ತಿಗೆ ಎರಡು ಕಲಾಶಾಲೆಗಳು ನನ್ನನ್ನು ನೇರ ಎರಡನೇ ವರ್ಷಕ್ಕೆ ತೆಗೆದುಕೊಳ್ಳಲು ಒಪ್ಪಿದವು. ಒಂದು ನಾವೆಲ್ಲ ಕೆ.ಎಲ್. ಎನ್ನುವ ಕೌಲಾಲಂಪುರದ್ದು, ಆನಿಮೇಷನ್ ಕಲಿಸುವ ದೊಡ್ಡ ಗಾಜಿನ ಕಟ್ಟಡ. ಇನ್ನೊಂದು ಪಿನಾಂಗಿನದು, ಹಳೆಯದು, ಇದ್ದಿಲು, ಬಣ್ಣ ಬಿಟ್ಟರೆ ಬೇರೆ ಗೊತ್ತಿಲ್ಲದ್ದು. ಅಲ್ಲಿ ಸರ್‌ಗೆ ಗೊತ್ತಿದ್ದ ಒಬ್ಬ ಮೇಷ್ಟ್ರು ಇದ್ದರು. ನನಗೆ ಬೇಕಾಗಿದ್ದುದು ಪಿನಾಂಗ್. ಆದರೆ ಬೇಕು ಎನ್ನುವುದಕ್ಕೂ ಆಗುತ್ತೆ ಎನ್ನುವುದಕ್ಕೂ ನಡುವೆ ದೊಡ್ಡ ಹೊಳೆಯೇ ಇರುತ್ತದಲ್ಲ. “ಕೆ.ಎಲ್. ಆದ್ರೆ ವೀಕೆಂಡ್ ಮನೆಗೆ ಬರ್ಬೋದು ಪುಟ್ಟ. ಪಿನಾಂಗ್ ಅಂದ್ರೆ ರೋಡ್‌ಬ್ಲಾಕ್ ಹಾಕಿದ್ರೆ ಮುಗೀತು” ಎಂದರು ಅಪ್ಪ. “ಆದ್ರೂ ನಿಮ್ಮ ಸರ್ ಏನಂತಾರೋ ಕೇಳು. ಅವ್ರು ನಿಂಗೆ ಚಿತ್ರ ಬರೆಯೋ ಕೈ ಇದೆ ಅಂದ್ರೆ ನಾನು ಬೇಡ ಅನ್ನಲ್ಲ.”

ನಿರ್ಬಂಧ ಸ್ವಲ್ಪ ಸಡಿಲವಾದ ದಿನ ಅಮ್ಮನ ಚಿತ್ರಗಳನ್ನೆಲ್ಲ ಕಟ್ಟಿಕೊಂಡು ಸರ್ ಮನೆಗೆ ಹೋದೆ. ಅವರು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು. ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, “ಅಡ್ಡಿಲ್ಲೆ” ಎಂದರು.

“ಪಿನಾಂಗ್‌ಗೆ ಹೋಗ್ಲಾ ಸರ್?”

“ಅಡ್ಡಿಲ್ಲೆ, ಹೋಗು.”

“ಅಥವಾ ಕೆ.ಎಲ್.?”

“ಅದೂ ಉಂಟಲ್ಲ” ಎಂದು ಚಿತ್ರಗಳನ್ನು ಜೋಪಾನವಾಗಿ ಜೋಡಿಸಿ ಕೈಗೆ ಕೊಟ್ಟರು.

ನಮ್ಮ ಮನೆಯಲ್ಲಿ ‘ಅಡ್ಡಿಯಿಲ್ಲ’ ಎಂದರೆ ಬೇಡವೆನ್ನಲು ಕಾರಣ ಸಿಗದವರ ಮಾತು. ಉಪ್ಪಿಟ್ಟು ಮಾಡಲೇ ಎಂದು ಅಮ್ಮ ಕೇಳಿದಾಗ ಅಪ್ಪ ಹೇಳುವುದು ಅದನ್ನೇ. ನನಗೆ ಅಳು ಬಂತು. ಮನೆಗೆ ಬಂದು, ಸರ್‌ಗೆ ಅಂಥದ್ದೇನೂ ಅನ್ನಿಸಲಿಲ್ಲ ಅಪ್ಪ ಎಂದೆ. ಕೌಲಾಲಂಪುರಕ್ಕೆ ಒಪ್ಪಿಗೆ ಕಳಿಸಿದೆ. ಸರ್‌ಗೂ ಮೆಸೇಜ್ ಹಾಕಿದೆ. ‘ಒಳ್ಳೇದಾಗಲಿ’ ಎಂದು ಬರೆದರು, ಅಷ್ಟೇ.

ಮನೆಗೆ ಹತ್ತಿರವೆಂದು ಆರಿಸಿಕೊಂಡ ಆ ಗಾಜಿನ ಕಟ್ಟಡವನ್ನು ನಾನು ನೋಡಿದ್ದು ಲ್ಯಾಪ್‌ಟಾಪಿನಲ್ಲೇ. ಮತ್ತೆ ಲಾಕ್‌ಡೌನ್ ಬಂತು. ನಮ್ಮ ಹಳೆಯ ಕಾಲೇಜು ಅರೆಕಾಲಿಕ ಮೇಷ್ಟ್ರುಗಳನ್ನು ಕೈಬಿಟ್ಟಿತು. ಹೊಳ್ಳ ಸರ್ ಮತ್ತು ಶಾರದಮ್ಮ ಊರಿಗೆ ಹೊರಡುತ್ತಾರೆಂದು ತಿಳಿದು, ಅಮ್ಮ ಕೊಟ್ಟ ಚಪಾತಿ ಪಲ್ಯ ಹಿಡಿದುಕೊಂಡು ಅವರ ಗೇಟಿನ ಹತ್ತಿರ ಹೋಗಿ ನಿಂತೆ.

ಮೊದಲು ಹೊರಗೆ ಬಂದವರು ಶಾರದಮ್ಮ. “ಪಿನಾಂಗ್ ಯಾಕೆ ಬಿಟ್ಟೆ ಮಾರಾಯ್ತಿ? ಅವತ್ತು ನೀನು ಹೋದ ಮೇಲೆ ಇವರದ್ದು ಒಂದೇ ರಾಗ, ಆ ಹುಡುಗಿ ಅಡ್ಡಿಲ್ಲೆ, ಅಡ್ಡಿಲ್ಲೆ ಅಂತ. ನನ್ನ ಕೊಟ್ಟೆ ಕಡುಬಿಗೆ ಆ ಮಾತು ಬರ್ಲಿಕ್ಕೆ ಎಷ್ಟು ವರ್ಷ ಬೇಕಾಯ್ತು ಗೊತ್ತುಂಟಾ?”

“ಅಡ್ಡಿಲ್ಲೆ ಅಂದ್ರೆ... ಪರ್ವಾಗಿಲ್ಲ ಅಂತ ಅಲ್ವಾ ಆಂಟಿ?”

“ಅದು ನಿಮ್ಮ ಕಡೆ. ಇವರ ಬಾಯಲ್ಲಿ ಅದರ ಮೇಲೆ ಹೊಗಳಿಕೆಯೇ ಇಲ್ಲ.”

ಅಷ್ಟರಲ್ಲಿ ಸರ್ ಮಾಸ್ಕ್ ಸರಿಮಾಡಿಕೊಳ್ಳುತ್ತ ಬಂದರು. ಬಹಳ ಇಳಿದುಹೋಗಿದ್ದರು. ಶಾರದಮ್ಮ ಚಪಾತಿಯ ಡಬ್ಬಿ ತೆಗೆದುಕೊಂಡು ಒಳಗೆ ಹೋದರು.

“ಒಂದು ಕೇಳ್ಬೇಕಿತ್ತು ನಿನ್ನತ್ರ” ಎಂದರು ಸರ್. “ನಾನು ಅವತ್ತು ಎಂತಾದ್ರೂ ತಪ್ಪು ಹೇಳಿದ್ನಾ?”

ನಿಜ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ತಮ್ಮ ಒಂದು ಮಾತಿನಿಂದ ಹುಡುಗಿಯ ದಾರಿ ತಪ್ಪಿತೆಂಬ ಭಾರ ಹೊತ್ತು ಅವರು ವಿಮಾನ ಹತ್ತಬೇಕಾಗುತ್ತಿತ್ತು. ಅವರ ಮುಖ ನೋಡಿ ನನಗೆ ಧೈರ್ಯ ಬರಲಿಲ್ಲ.

“ಇಲ್ಲ ಸರ್. ಮನೆಗೆ ಹತ್ತಿರ ಅಂತ ಕೆ.ಎಲ್. ತಗೊಂಡೆ.”

“ಹಾಗಾದ್ರೆ ಸಮಾಧಾನ. ಪಿನಾಂಗಿನ ನನ್ನ ದೋಸ್ತಿ ನಿಂಗೋಸ್ಕರ ಸೀಟು ಹಿಡ್ಕೊಂಡು ಕೂತಿದ್ದ. ಹುಡುಗಿ ಯಾಕೆ ಬರ್ಲಿಲ್ಲ ಅಂತ ಫೋನ್ ಮಾಡಿದ. ನಾನು ಹೇಳಿದೆ, ಕೈ ಉಂಟು, ಆದ್ರೆ ಅವಳಿಗೆ ಚಿತ್ರದಲ್ಲಿ ಅಷ್ಟು ಮನಸ್ಸಿಲ್ಲ ಅಂತ. ಸರಿ ಅಲ್ವಾ ನಾನು ಹೇಳಿದ್ದು?”

“ಹೌದು ಸರ್” ಎಂದೆ.

ಊರು ಸೇರಿದ ಕೆಲವೇ ತಿಂಗಳಲ್ಲಿ ಅವರು ತೀರಿಕೊಂಡರೆಂದು ಶಾರದಮ್ಮ ಫೋನ್ ಮಾಡಿದರು. ನಾನು ಚಿತ್ರದಲ್ಲಿ ಮನಸ್ಸಿಲ್ಲದ ಹುಡುಗಿಯೆಂದು ನಂಬಿಯೇ ಅವರು ಹೋದರು. ನಂಬಿಸಿದವಳು ನಾನು.