ಶತ್ರುಗಳಿದ್ದ ಮೇಡಂ

ಬ್ರಹ್ಮಾವರದ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಬಟ್ಟೆ ಅಂಗಡಿ. ಮೊನ್ನೆ ಬೆಳಿಗ್ಗೆ ಷಟರ್ ಎತ್ತುವಾಗ ಮೂಗಿಗೆ ಹೊಸ ಫ್ಲೆಕ್ಸಿನ ಘಾಟು ಬಡಿಯಿತು. ತಿರುಗಿ ನೋಡಿದರೆ ನಮ್ಮ ಗುಲಾಬಿ ಮೇಡಂ ಆಳೆತ್ತರ ನಿಂತಿದ್ದಾರೆ! ಕೆಳಗೆ ‘ವಿಶ್ರಾಂತ ಕುಲಪತಿ, ರಾಜ್ಯಶಾಸ್ತ್ರದ ವಿದ್ವಾಂಸೆ, ಅಜಾತಶತ್ರುವಿಗೆ ಸನ್ಮಾನ’. ಅಜಾತಶತ್ರುವಂತೆ! ನನಗೆ ಮೈಯೆಲ್ಲ ಉರಿದುಹೋಯಿತು.

ಯಾಕೆ ಅಂತೀರಾ? ಬೈಂದೂರು ಕಡೆಯ ಪುಟ್ಟ ಕಾಲೇಜಿನಲ್ಲಿ ನನಗೆ ರಾಜ್ಯಶಾಸ್ತ್ರ ಕಲಿಸಿದವರು ಅವರು. ಕಲಿತು ನಾನೀಗ ಸೀರೆ ಮಡಚುತ್ತಿದ್ದೇನೆ. ಸಂವಿಧಾನ ಗೊತ್ತಿದೆಯೆಂದು ಗಿರಾಕಿಗಳೇನೂ ಚೌಕಾಶಿ ಬಿಡುವುದಿಲ್ಲ, ಆ ಮಾತು ಬೇರೆ. ತರಗತಿಯಲ್ಲಿ ಎಲ್ಲರೂ ತಲೆಯಾಡಿಸಿದರೆ ಮೇಡಂಗೆ ಸಿಟ್ಟು. “ಎಂತ ಎಲ್ಲ ಹೌದ್ ಹೌದ್ ಅಂತ್ರಿ? ಒಬ್ರಾರೂ ಅಲ್ಲ ಅನ್ನಿ, ಕಾಂಬ!” ಅನ್ನುವರು. ನಾನೊಮ್ಮೆ ಎದ್ದು “ಅಲ್ಲ” ಅಂದೆ. ಯಾಕೆ ಅಂತ ಕೇಳಿದರು. ಗೊತ್ತಿಲ್ಲ ಅಂದೆ. “ಅಡ್ಡಿಲ್ಲ, ಕೂಕೊ. ಕಾರಣ ನಾಳೆ ಹೇಳ್” ಅಂದರು.

ಅಲ್ಲಿಂದ ಹೊರಟವರು ಪ್ರೊಫೆಸರ್ ಆದರು, ಕೊನೆಗೆ ಕುಲಪತಿಯೇ ಆದರು. ಮಕ್ಕಳು ಕಡಿಮೆ ಎಂದು ನಮ್ಮ ಕಾಲೇಜಿನ ರಾಜ್ಯಶಾಸ್ತ್ರ ವಿಭಾಗ ಮುಚ್ಚುವ ಪ್ರಸ್ತಾಪ ಅವರು ಆ ಕುರ್ಚಿಯಲ್ಲಿದ್ದಾಗಲೇ ಬಂತು. ತಂದವರು ಕಾಲೇಜಿನ ಸಂಚಾಲಕ ಶೆಟ್ಟರು. ದೊಡ್ಡವರ ಕೈಯೆಲ್ಲ ಅವರ ಹೆಗಲ ಮೇಲೆ. ಒಪ್ಪಿದರೆ ಎರಡನೇ ಅವಧಿ ಖಂಡಿತ ಎಂಬ ಸೂಚನೆಯೂ ಬಂತು. ಮೇಡಂ ಒಪ್ಪಲಿಲ್ಲ. ವಿಭಾಗ ಉಳಿಯಿತು, ಕುರ್ಚಿ ಹೋಯಿತು. ಮನೆಗೆ ಬಂದು ತಮ್ಮ ಪಾಡಿಗೆ ಮತ್ತೊಂದು ಪುಸ್ತಕ ಬರೆದರು.

ಈ ಜೂನಿನಿಂದ ಆ ವಿಭಾಗವನ್ನು ಸದ್ದಿಲ್ಲದೆ ಮುಚ್ಚುತ್ತಾರಂತೆ. ಸೀರೆ ಕೊಳ್ಳಲು ಬಂದ ಅಲ್ಲಿಯ ಉಪನ್ಯಾಸಕಿ ಕಣ್ಣೀರು ಹಾಕಿ ಹೇಳಿದಳು. ಸನ್ಮಾನ ಇಟ್ಟುಕೊಂಡವರೂ ಅದೇ ಆಡಳಿತ ಮಂಡಳಿಯವರು. ಮೇಡಂ ಬಾಯಿಗೆ ಸಕ್ಕರೆ ಹಾಕುವ ಉಪಾಯ ನನಗೇನು ತಿಳಿಯದೆ?

ನಿನ್ನೆ ಅಂಗಡಿ ಬೇಗ ಮುಚ್ಚಿ ಕುಂದಾಪುರದ ಸಭೆಗೆ ಹೋದೆ. ಒಬ್ಬರಾದ ಮೇಲೆ ಒಬ್ಬರು ಭಾಷಣ: ಎಲ್ಲರಿಗೂ ಬೇಕಾದವರು, ಯಾರ ಮನಸ್ಸನ್ನೂ ನೋಯಿಸಿದವರಲ್ಲ! ಮೇಡಂ ದೊಡ್ಡ ಪೇಟದ ಕೆಳಗೆ ಮುಖ ಸಣ್ಣ ಮಾಡಿಕೊಂಡು ಶೆಟ್ಟರ ಪಕ್ಕ ಕೂತಿದ್ದರು. ನನ್ನಿಂದ ತಡೆಯಲಾಗಲಿಲ್ಲ, ಎದ್ದು ನಿಂತು ಕೂಗಿದೆ.

“ಹ್ವಾಯ್, ಸಾಕ್ ಮಾಡಿ! ಅವ್ರಿಗೆ ಅಡ್ಡ ನಿಂತವ್ರ್ ಅಲ್ಲೇ ಬದಿಯಂಗೆ ಕೂತಿದ್ರಲೆ. ಜೂನಿಗೆ ಅದೇ ವಿಭಾಗ ಮುಚ್ಚುಕೆ ಹೊರಟದ್ದೂ ಅವ್ರೇ!”

ಎಲ್ಲರೂ ನನ್ನತ್ತ ತಿರುಗಿದರು. ನಾನು ಕೂರಲಿಲ್ಲ. ಶೆಟ್ಟರು ಎದ್ದು ಮೈಕಿಗೆ ಬಂದರು.

“ಹೌದ್. ಅವತ್ತೂ ವಿರೋಧ ಮಾಡಿದ್ದೆ, ಇವತ್ತೂ ಮಾಡ್ತೆ. ಮಕ್ಳೇ ಇಲ್ದಿದ್ ಕ್ಲಾಸ್ ಯಾರಿಗೆ?”

ಅಷ್ಟು ಹೊತ್ತಿನಲ್ಲಿ ಆ ಮೈಕಿನಲ್ಲಿ ಯಾರಾದರೂ ನಿಜ ಆಡಿದ್ದು ಅದೇ ಮೊದಲು. ಮೇಡಂ ಪೇಟ ತೆಗೆದು ಮೇಜಿನ ಮೇಲಿಟ್ಟರು. ನಮ್ಮ ಕಾಲೇಜಿನ ಮೇಡಂ ಮುಖ ಆಗ ವಾಪಸು ಬಂತು.

“ಶೆಟ್ರೆ, ಮೈಕ್ ಇತ್ಲಾಗ್ ಕೊಡಿ,” ಅಂದರು. “ಸನ್ಮಾನ ಮುಗೀತ್. ಇನ್ನ್ ಮಾತಾಡುವ.”