ಆದರ್ಶ ದಂಪತಿಗಳಿಗೆ ನನ್ನ ಪುಸ್ತಕ

ಒಂದು ಮಾತು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ಪುಸ್ತಕಗಳನ್ನು ಹರವಿಟ್ಟ ಮೇಜಿನ ಹಿಂದೆ ಐದು ನಿಮಿಷ ನೆಟ್ಟಗೆ ನಿಲ್ಲುವುದು ನನ್ನಿಂದ ಆಗದ ಕೆಲಸ. ಯಾರಾದರೂ ಒಂದು ಪ್ರತಿಯನ್ನು ಕೈಗೆತ್ತಿಕೊಂಡರೆ ಸಾಕು, ನನಗೆ ತಟ್ಟನೆ ಚಹಾ ನೆನಪಾಗುತ್ತದೆ. ಇಲ್ಲವಾದರೆ ಬಾರದ ಫೋನನ್ನು ಕಿವಿಗಿಟ್ಟುಕೊಂಡು ಕಂಬದ ಮರೆಗೆ ಹೋಗಿ ಅಲ್ಲಿಂದ ಇಣುಕುತ್ತೇನೆ. ಗಂಡಿನ ಕಡೆಯವರು ಪಡಸಾಲೆಯಲ್ಲಿ ಅವಲಕ್ಕಿ ತಿನ್ನುತ್ತಿರುವಾಗ ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತ ಹುಡುಗಿಗೂ ನನಗೂ ಆಗ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ಅವಳಿಗಾದರೂ ಯಾರೋ ಒಬ್ಬರು ಒಪ್ಪಿದರೆ ಅಲ್ಲಿಗೆ ಮುಗಿಯಿತು. ನನ್ನ ಮುಂದೆ ಇನ್ನೂ ನಾಲ್ಕು ಡಬ್ಬಿ ಪುಸ್ತಕ ಇರುತ್ತವೆ.

ಬರೆದವನೇ ಮಾರಬೇಕೆಂಬ ಶಾಸನವೇನೂ ಇಲ್ಲ. ಹಳಗನ್ನಡದ ಕವಿಗಳು ಯಾರೂ ಮಾರಿದವರಲ್ಲ. ಅವರಿಗೆ ಆಶ್ರಯಕ್ಕೆ ಅರಸರಿದ್ದರು. ಅರಸನನ್ನು ಹೊಗಳಿದರೆ ಅಗ್ರಹಾರ ಸಿಗುತ್ತಿತ್ತು. ಆಗೀಗ ಅವನ ಜೊತೆ ಯುದ್ಧಕ್ಕೆ ಹೋಗಬೇಕಾಗಿ ಬಂದರೂ ಗೌರವ ಪ್ರತಿ ಕೇಳುವವರ ಕಾಟವಂತೂ ಇರಲಿಲ್ಲ. ನನಗಿದ್ದದ್ದು ಪ್ರಕಾಶಕರು. ಅವರಲ್ಲಿ ಮೂವರು ನನ್ನ ಹಸ್ತಪ್ರತಿ ಓದಿ, “ಭಾಷೆ ಸೊಗಸಾಗಿದೆ, ವಿಷಯ ಮಾತ್ರ ನಮ್ಮ ಓದುಗರಿಗೆ…” ಎಂದು ಅರ್ಧಕ್ಕೆ ನಿಲ್ಲಿಸಿ, ನನ್ನನ್ನು ಬಾಗಿಲ ತನಕ ಬಹಳ ಪ್ರೀತಿಯಿಂದ ಕಳಿಸಿಕೊಟ್ಟರು. ವಿಷಯ ಇಷ್ಟೇ. ಆಳಂದದ ಕಡೆಯವನಾದ ನಾನೂ ಮಂದಾರ್ ಎಂಬ ಮರಾಠಿ ಗಂಡಸೂ ಪುಣೆಯ ವಾಕಡದ ಬಾಡಿಗೆ ಮನೆಯಲ್ಲಿ ಒಂಬತ್ತು ವರ್ಷಗಳಿಂದ ಸಂಸಾರ ಮಾಡುತ್ತಿದ್ದೇವೆ. ಗ್ಯಾಸ್ ಸಿಲಿಂಡರ್ ಯಾರು ಬದಲಿಸಬೇಕು, ಬೇಳೆಗೆ ಬೆಲ್ಲ ಹಾಕಬೇಕೋ ಬೇಡವೋ, ನಮ್ಮವ್ವ ಬಂದಾಗ ಮನೆಯಲ್ಲಿ ಒಂದೇ ಮಂಚ ಯಾಕಿದೆ ಎಂದು ಹೇಗೆ ಹೇಳಬೇಕು, ಇಂಥ ಘನ ಸಮಸ್ಯೆಗಳೇ ಪುಸ್ತಕದ ತುಂಬ ಇವೆ. ಹೆಸರು ‘ಎರಡು ಕೀಲಿಕೈ’. ಹಗಲೆಲ್ಲ ಒಂದು ಔಷಧ ಕಂಪನಿಯಲ್ಲಿ ಮಾತ್ರೆಗಳ ಗುಣಮಟ್ಟ ನೋಡಿ ಪಾಸು ಮಾಡುವವನು ನಾನು. ನನ್ನ ಪುಸ್ತಕವನ್ನು ಯಾರೂ ಪಾಸು ಮಾಡದಿದ್ದಾಗ ಸಿಟ್ಟಿಗೆದ್ದು ನಾನೇ ಅಚ್ಚು ಹಾಕಿಸಿ, ರವಿವಾರದ ಕನ್ನಡ ಕಾರ್ಯಕ್ರಮಗಳಲ್ಲಿ ಮೇಜು ಹಾಕಿ ಮಾರತೊಡಗಿದೆ.

ಉಪ್ಪಿನಕಾಯಿ ಮಾರುವವನ ಭಾಗ್ಯ ನೋಡಿ. “ಏನದ ಇದರಾಗ?” ಎಂದು ಕೇಳಿದರೆ “ಮಾವಿನಕಾಯಿ” ಎಂದರಾಯಿತು. ನನಗೆ ಅದೇ ಪ್ರಶ್ನೆ ಬಂದಾಗ ನಾನು ನನ್ನ ಮಲಗುವ ಕೋಣೆಯ ಪರದೆ ಸರಿಸಿ ನಿಲ್ಲಬೇಕು. ಅದೂ ಅಪರಿಚಿತರ ಮುಂದೆ, ಹಗಲು ಹೊತ್ತಿನಲ್ಲಿ, ಹತ್ತು ಪರ್ಸೆಂಟ್ ರಿಯಾಯಿತಿಯ ಸಮೇತ. ಪದಗಳೂ ನೆರವಿಗೆ ಬರುವುದಿಲ್ಲ. ‘ಸಲಿಂಗಕಾಮಿ’ ಎಂದರೆ ಪೊಲೀಸರ ಪಂಚನಾಮೆ ಓದಿದ ಹಾಗಾಗುತ್ತದೆ. ‘ಗೇ’ ಎಂದರೆ ಹಿರಿಯರಿಗೆ ಕೇಳಿಸುವುದಿಲ್ಲ, ಕೇಳಿಸುವ ಹಾಗೆ ಹೇಳಿದರೆ ಪಕ್ಕದ ಅಂಗಡಿಯವರಿಗೂ ಕೇಳಿಸುತ್ತದೆ. ಹೀಗಾಗಿ ನಾನೊಂದು ಉಪಾಯ ಕಂಡುಕೊಂಡಿದ್ದೆ. ಯಾರು ಕೇಳಿದರೂ “ಸಂಸಾರದ ಪುಸ್ತಕ ರೀ” ಎನ್ನುತ್ತಿದ್ದೆ. ಹಿಂಬದಿಯ ರಕ್ಷಾಪುಟದಲ್ಲೂ ಅಷ್ಟೇ ಬರೆದಿದ್ದೆ. ಯಾರ ಸಂಸಾರ ಎಂಬುದು ಮೊದಲ ಪುಟದಲ್ಲಿದೆ. ಕೊಂಡವರು ಮನೆಗೆ ಹೋಗಿ ತಿಳಿಯಲಿ, ಅಷ್ಟರಲ್ಲಿ ನಾನು ವಾಕಡ ಸೇರಿರುತ್ತೇನೆ ಎಂಬ ಲೆಕ್ಕ.

ಊರಿನ ಬಳೆಗಾರನನ್ನು ನೆನೆದರೆ ನನಗೆ ಈಗಲೂ ಹೊಟ್ಟೆಕಿಚ್ಚು. ಅವನು ಯಾವ ಮನೆಯ ಕಟ್ಟೆಯ ಮೇಲಾದರೂ ಕೂತು, ಹೆಣ್ಣುಮಕ್ಕಳ ಕೈ ಹಿಡಿದು, ತವರಿನ ಸುದ್ದಿ ಹೇಳುತ್ತ, ನೋವಾಗದ ಹಾಗೆ ಬಳೆ ಏರಿಸುತ್ತಿದ್ದ. ಕೊಳ್ಳುವವರಿಗೂ ಅವನಿಗೂ ನಡುವೆ ಮೇಜೇ ಇರುತ್ತಿರಲಿಲ್ಲ. ಪುಣೆಯಲ್ಲಿ ನನ್ನ ಮೇಜಿನ ಮುಂದೆ ನಿಲ್ಲುವ ಕನ್ನಡಿಗ ಮೊದಲು ಪುಸ್ತಕ ತಿರುವಿ ಬೆಲೆ ನೋಡುತ್ತಾನೆ. ಆಮೇಲೆ ಅಲ್ಲಿರುವ ಫೋಟೋ ನೋಡಿ, ನನ್ನನ್ನು ನೋಡಿ, ಮತ್ತೆ ಫೋಟೋ ನೋಡುತ್ತಾನೆ.

“ನೀವೇ ಬರದೀರೇನ್ರಿ?”

“ಹೌದ್ರಿ.”

“ಭಾಳ ಚಲೋ. ಸಂಡಾಸ ಯಾ ಕಡಿ ಅದ್ರಿ?”

ನಾನು ದಾರಿ ತೋರಿಸುತ್ತೇನೆ. ನಮ್ಮ ಸಂವಾದಗಳು ಹೆಚ್ಚಾಗಿ ಇಲ್ಲಿಗೆ ಮುಗಿಯುತ್ತವೆ.

ಮಂದಾರನ ವಿಷಯ ಹೇಳಲೇಬೇಕು. ಡಬ್ಬಿ ಹೊರುವವನು ಅವನು, ಸ್ಕೂಟರ್ ಓಡಿಸುವವನು ಅವನು, ಚಿಲ್ಲರೆ ನೆನಪಿಟ್ಟು ತರುವವನೂ ಅವನೇ. ಒಂಬತ್ತು ವರ್ಷದಲ್ಲಿ ಅವನು ಕಲಿತ ಕನ್ನಡ “ಊಟ ಆಯ್ತಾ” ಮತ್ತು “ಸಾಕು” ಇವೆರಡೇ. ಪುಸ್ತಕವನ್ನು ನಾನೇ ಮರಾಠಿಯಲ್ಲಿ ಓದಿ ಹೇಳಿದ್ದೆ. ಅವನ ಗೊರಕೆಯ ಅಧ್ಯಾಯವೊಂದನ್ನು ಹಟ ಮಾಡಿ ತೆಗೆಸಿದ, ಉಳಿದದ್ದಕ್ಕೆ ಒಪ್ಪಿದ. ಮೇಜಿನ ಹತ್ತಿರ ಬಂದವರಿಗೆಲ್ಲ ನಾನು ಅವನನ್ನು “ನಮ್ಮ ಮಿತ್ರರು” ಎಂದು ಪರಿಚಯಿಸುತ್ತಿದ್ದೆ. ಆ ‘ಮಿತ್ರ’ ಎಂಬ ಪದ ಮರಾಠಿಯಲ್ಲೂ ಇದೆಯಲ್ಲ, ಅವನಿಗೆ ಚೆನ್ನಾಗಿ ತಿಳಿಯುತ್ತಿತ್ತು. ಮೊದಮೊದಲು ಪಕ್ಕದಲ್ಲೇ ಕೂರುತ್ತಿದ್ದವನು ಆಮೇಲೆ ಬಾಗಿಲ ಹತ್ತಿರ ನಿಲ್ಲತೊಡಗಿದ. ಆಮೇಲೆ ಡಬ್ಬಿ ಇಳಿಸಿ ಕೆಳಗೆ ಸ್ಕೂಟರಿನ ಬಳಿಯೇ ಉಳಿಯತೊಡಗಿದ. ಏನೂ ಅನ್ನದೆ ದೂರವಾಗುವುದರಲ್ಲಿ ಅವನು ನಿಪುಣ. ನನಗೆ ಅದು ಕಾಣುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು, ಆದರೂ ಮುಂದಿನ ಗಿರಾಕಿ ಬಂದಾಗ ಬಾಯಿಂದ ಬರುತ್ತಿದ್ದದ್ದು “ನಮ್ಮ ಮಿತ್ರರು” ಎಂದೇ.

ನಮ್ಮ ಬೀದಿಯಲ್ಲೊಂದು ಉಡುಪಿ ಹೋಟೆಲಿದೆ. ಅಲ್ಲಿನ ಶೆಟ್ಟರು ಗಲ್ಲಾದ ಪಕ್ಕ ಸೋಂಪಿನ ತಟ್ಟೆ ಸರಿಸಿ ನನಗೆ ಒಂದಿಷ್ಟು ಜಾಗ ಕೊಟ್ಟಿದ್ದಾರೆ. “ಇಡಿ ಮಾರಾಯ್ರೇ, ಕೈ ತೊಳೆದು ಬಂದವರು ಏನಾದ್ರೂ ನೋಡ್ಬೇಕಲ್ಲ” ಎಂಬುದು ಅವರ ವಾದ. ಒಂದು ಬೆಳಿಗ್ಗೆ ಅಲ್ಲಿ ದೋಸೆ ತಿಂದು ಬಂದ ಬಿರಾದಾರರು ಪುಸ್ತಕ ಎತ್ತಿಕೊಂಡರು. ಕೊಂಢವಾ ಬಡಾವಣೆಯ ಒಂದು ಕನ್ನಡ ಸಂಘಕ್ಕೆ ಅವರು ಕಾರ್ಯದರ್ಶಿ. ಕಟ್ಟಡದ ಗುತ್ತಿಗೆ ಹಿಡಿಯುವವರು, ಎತ್ತರದ ದನಿಯವರು. “ಏನದರೀ ಇದು?” ಎಂದರು. ನಾನು ರೂಢಿಯಂತೆ “ಸಂಸಾರದ ಪುಸ್ತಕ ರೀ” ಎಂದೆ. ಅವರ ಮುಖ ಅರಳಿತು.

“ಸಂಘದಾಗ ಆದರ್ಶ ದಂಪತಿಗಳ ಸನ್ಮಾನ ಇಟಗೊಂಡೀವಿ. ಇಪ್ಪತ್ತೈದು ವರ್ಷ ಸಂಸಾರ ಮಾಡಿದವರು. ಪ್ರತಿ ವರ್ಷ ಸ್ಟೀಲ್ ಡಬ್ಬಿ ಕೊಟ್ಟು ಕೊಟ್ಟು ಸಾಕಾಗ್ಯದ. ಈ ಸಲ ಪುಸ್ತಕ ಕೊಡೂಣು. ಇಪ್ಪತ್ತೈದು ಪ್ರತಿ ಕಳಸ್ರಿ.”

ಇಪ್ಪತ್ತೈದು ಪ್ರತಿ! ಒಂದು ಪೂರಾ ಡಬ್ಬಿ. ನಾನು ತಲೆಯಾಡಿಸಿದೆ. ಅವರು ಒಂದು ಪ್ರತಿಯನ್ನು ಬಗಲಲ್ಲಿಟ್ಟುಕೊಂಡು ಹೋದರು. ಕಾರ್ಯದರ್ಶಿಗಳು ಪುಸ್ತಕ ಓದುವುದಿಲ್ಲ ಎಂಬುದು ಎಲ್ಲ ಸಂಘಗಳ ಅಲಿಖಿತ ನಿಯಮ. ಹಾಗಾಗಿ ನನಗೆ ಆ ಕ್ಷಣದಲ್ಲಿ ಬರೀ ಸಂತೋಷವಾಯಿತು.

ಮನೆಯಲ್ಲಿ ಮಂದಾರ್ ಒಂದೇ ಮಾತು ಕೇಳಿದ. “ತ್ಯಾಂನಾ ಮಾಹೀತ್ ಆಹೆ ಕಾ?” ಅವರಿಗೆ ಗೊತ್ತಿದೆಯಾ? ನಾನು, ಪುಸ್ತಕ ಅವರ ಕೈಯಲ್ಲೇ ಇದೆಯಲ್ಲ ಎಂದೆ. ಅವನು ಪಾತ್ರೆ ತೊಳೆಯುತ್ತಿದ್ದವನು ನಲ್ಲಿ ನಿಲ್ಲಿಸಿ, “ಸಾಂಗೂನ್ ಟಾಕ್” ಎಂದ. ಹೇಳಿಬಿಡು. ಆಮೇಲೆ ಬಹಳ ಮೆತ್ತಗೆ ಇನ್ನೊಂದು ಮಾತು ಸೇರಿಸಿದ: ಈ ಡಬ್ಬಿ ತಲುಪಿಸಿ ಕೊಡುತ್ತೇನೆ, ಇನ್ನು ಮುಂದೆ ನೀನು ರಿಕ್ಷಾ ಮಾಡಿಕೊಂಡು ಹೋಗು.

ಆ ವಾರ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬಿರಾದಾರರಿಗೆ ಫೋನ್ ಮಾಡಿದಾಗಲೆಲ್ಲ ಅವರು ಜೋಳದ ರೊಟ್ಟಿಯವರು ಕೈಕೊಟ್ಟದ್ದನ್ನು, ಶಾಮಿಯಾನದವನ ಸೊಕ್ಕನ್ನು ಹೇಳಿ, “ಮತ್ತ ಮಾತಾಡೂಣು” ಎಂದು ಇಟ್ಟುಬಿಡುತ್ತಿದ್ದರು. ನಾನೂ ‘ಪಾಪ, ಕೆಲಸದಲ್ಲಿದ್ದಾರೆ’ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಹೇಳದೇ ಬಿಟ್ಟರೆ ಏನಾದೀತು ಎಂದೂ ಯೋಚಿಸಿದೆ. ಇಪ್ಪತ್ತೈದು ಮನೆಗಳಲ್ಲಿ ಇಪ್ಪತ್ತೈದು ಜನ ರಾತ್ರಿ ಊಟವಾದ ಮೇಲೆ ಪುಸ್ತಕ ತೆರೆದು, ಮೋಸ ಹೋದೆವು ಎಂದುಕೊಳ್ಳುತ್ತಾರೆ. ನನ್ನ ಸಂಸಾರವನ್ನು ಜನ ಬೇಡವೆಂದರೆ ತಡೆದುಕೊಂಡೇನು. ಅದನ್ನು ಮೋಸ ಎಂದರೆ ತಡೆದುಕೊಳ್ಳಲಾರೆ ಎಂದು ನನಗೇ ಆಗ ತಿಳಿಯಿತು.

ರವಿವಾರ ಮಂದಾರನ ಸ್ಕೂಟರಿನಲ್ಲಿ ಡಬ್ಬಿ ಸಮೇತ ಸಭಾಗೃಹಕ್ಕೆ ಹೋದಾಗ ದಂಪತಿಗಳು ಮೊದಲ ಸಾಲುಗಳಲ್ಲಿ ಕೂತಾಗಿತ್ತು. ವೇದಿಕೆಯ ಪಕ್ಕದ ಕೋಣೆಯಲ್ಲಿ ಬಿರಾದಾರರ ಹೆಂಡತಿ ಗಂಗಕ್ಕ ತಟ್ಟೆ ಜೋಡಿಸುತ್ತಿದ್ದರು. ಹೆಣ್ಣುಮಕ್ಕಳಿಗೆ ರವಿಕೆಯ ಖಣ, ಕಾಯಿ; ಗಂಡಸರಿಗೆ ಟಾವೆಲ್ ಕಾಯಿ. ಉಡುಗೊರೆ ಕೊಟ್ಟು ಗೌರವಿಸುವ ನಮ್ಮ ಕಡೆಯ ಆಹೇರದ ಪದ್ಧತಿ. ಅದರ ಮೇಲೆ ನಾವೇ ಬಣ್ಣದ ಕಾಗದದಲ್ಲಿ ಸುತ್ತಿ ತಂದಿದ್ದ ನನ್ನ ಪುಸ್ತಕ. ನಾನು ಬಿರಾದಾರರ ಅಂಗಿಯ ತೋಳು ಹಿಡಿದು ಒಳಗೆ ಕರೆತಂದು, ಒಂದೇ ಉಸಿರಿಗೆ ಹೇಳಿಬಿಟ್ಟೆ. ಪುಸ್ತಕದಲ್ಲಿರುವುದು ಇಬ್ಬರು ಗಂಡಸರ ಸಂಸಾರ, ಒಬ್ಬ ನಾನು.

ಬಿರಾದಾರರು ಕೋಣೆಯ ಬಾಗಿಲು ಮುಂದೆ ಮಾಡಿದರು. “ಈಗ ಹೇಳ್ತೀರಲ್ರಿ!” ಎಂದರು. “ತೆಗೀರಿ ಅವನ್ನ. ಬರೇ ಟಾವೆಲ್ ಕಾಯಿ ಸಾಕು.”

ಗಂಗಕ್ಕ ತಲೆ ಎತ್ತಲಿಲ್ಲ. “ನಾ ಓದೀನಿ,” ಎಂದರು. “ನೀವು ತಂದು ಟೀವಿ ಮ್ಯಾಲ ಒಗದಿದ್ರಲ್ಲ, ಅವತ್ತೇ ಓದೀನಿ. ಭಾಳ ಜಗಳ ಆಡ್ತಾರ, ನಮ್ಮಂಗ.”

“ಮಂದಿ ಏನಂತಾರ?”

“ಇಪ್ಪತ್ತೈದು ವರ್ಷ ಗಟ್ಟಿ ನಿಂತ ಮನಿ ಒಂದು ಪುಸ್ತಕ ಓದಿ ಬೀಳ್ತದೇನ್ರಿ?”

ಬಿರಾದಾರರು ಗುತ್ತಿಗೆದಾರರು, ಎರಡು ಕಡೆಯವರನ್ನೂ ಸಂಭಾಳಿಸಿ ಗೊತ್ತು. ತಟ್ಟೆಯಲ್ಲಿ ಪುಸ್ತಕ ಬೇಡ, ಹೊರಗೆ ಮೇಜಿನ ಮೇಲಿರಲಿ. ಅದರಲ್ಲಿ ಏನಿದೆ ಎಂದು ನಾನೇ ಮೈಕಿನಲ್ಲಿ ಹೇಳಬೇಕು, ಬೇಕಾದವರು ಒಯ್ಯಲಿ ಎಂದು ತೀರ್ಮಾನ ಮಾಡಿದರು. ಅವರ ಜಾಣತನ ನನಗೆ ಅರ್ಥವಾಯಿತು. ನಾನು ಓಡಿಹೋಗುತ್ತೇನೆ ಎಂದೇ ಅವರು ಎಣಿಸಿದ್ದರು. ನನಗೂ ಆ ಹೊತ್ತಿಗೆ ಸರಿಯಾಗಿ ಚಹಾ ನೆನಪಾಗಿತ್ತು.

ಮೈಕಿನ ಮುಂದೆ ನಿಂತಾಗ ಸಭಾಗೃಹದ ಬಾಗಿಲಲ್ಲಿ ಮಂದಾರ್ ಕಂಡ. ತಟ್ಟೆಗಳಿಂದ ತೆಗೆದ ಪುಸ್ತಕಗಳ ಡಬ್ಬಿಯನ್ನು ಹೊಟ್ಟೆಗೆ ಒತ್ತಿಕೊಂಡು, ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ. ತಯಾರಿ ಮಾಡಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು.

“ನಮಸ್ಕಾರ್ರಿ,” ಎಂದೆ. “ಈ ಪುಸ್ತಕದಾಗ ಒಂದು ಸಂಸಾರ ಅದ. ಅದು ನಂದು. ನಾ ಗೇ ಅದೀನಿ, ನನಗ ಹೆಂಡ್ತಿ ಇಲ್ಲ. ಅಲ್ಲಿ ಬಾಗಿಲದಾಗ ಡಬ್ಬಿ ಹಿಡಕೊಂಡು ನಿಂತಾರಲ್ರಿ, ಮಂದಾರ್ ಅಂತ, ಅವರ ಜೋಡಿ ಒಂಬತ್ತು ವರ್ಷದ ಸಂಸಾರ. ಬೇಕಾದವರು ಪುಸ್ತಕ ಒಯ್ರಿ. ಬ್ಯಾಡಂದ್ರ ನನಗ ಸಿಟ್ಟಿಲ್ಲ.”

ಸಭೆಯ ಅಷ್ಟೂ ತಲೆಗಳು ಹಿಂದಕ್ಕೆ ತಿರುಗಿದವು. ಹೊರಗಿನ ಊಟದ ತಯಾರಿಯ ಗದ್ದಲದಲ್ಲಿ ತನ್ನ ಹೆಸರು ಮಾತ್ರ ಕೇಳಿಸಿದ ಮಂದಾರ್, ಡಬ್ಬಿ ಹೊತ್ತದ್ದಕ್ಕೆ ಕೃತಜ್ಞತೆ ಹೇಳುತ್ತಿದ್ದಾರೆಂದು ತಿಳಿದು, ಡಬ್ಬಿಯನ್ನು ಮೊಣಕಾಲ ಮೇಲೆ ಆನಿಸಿ, ಇಡೀ ಸಭೆಗೆ ಒಂಟಿ ಕೈಯಲ್ಲಿ ನಮಸ್ಕಾರ ಮಾಡಿದ. ಎಲ್ಲೋ ಒಬ್ಬರು ಚಪ್ಪಾಳೆ ಶುರು ಮಾಡಿದರು. ಇನ್ನು ಕೆಲವರು ಏನು ಮಾಡಬೇಕೆಂದು ತಿಳಿಯದೆ ಸೇರಿಕೊಂಡರು.

ಮುಂದೆ ಪವಾಡವೇನೂ ನಡೆಯಲಿಲ್ಲ. ಕೆಲವು ಜೋಡಿಗಳು ಮೇಜಿನ ಹತ್ತಿರವೂ ಸುಳಿಯದೆ ಊಟಕ್ಕೆ ಹೋದರು. ಒಬ್ಬರು ಪುಸ್ತಕ ಎತ್ತಿ, ಹೆಂಡತಿಯ ಮುಖ ನೋಡಿ, ಇಟ್ಟರು. ಹೆಂಡತಿ ಅದನ್ನೇ ಎತ್ತಿ ಖಣದ ಕೆಳಗೆ ಸೇರಿಸಿಕೊಂಡರು. ಇನ್ನೊಬ್ಬರು “ಊರಾಗ ನಿಮ್ಮ ಮನ್ಯಾಗ ಗೊತ್ತದೇನು?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದರು. ಅದು ನೋಯಿಸಿತು. ಅರ್ಧ ಡಬ್ಬಿ ಉಳಿಯಿತು. ನಾನು ಮಾತ್ರ ಮೇಜಿನ ಹಿಂದೆ ನಿಂತೇ ಇದ್ದೆ.

ಹೊರಡುವಾಗ ಗಂಗಕ್ಕ ಮೆಟ್ಟಿಲವರೆಗೆ ಬಂದರು. ಕೈಯಲ್ಲಿ ತಟ್ಟೆ. ನನಗೆ ಟಾವೆಲ್ ಕಾಯಿ ಕೊಟ್ಟು, ಮಂದಾರನ ಮುಂದೆ ನಿಂತು ಒಂದು ಗಳಿಗೆ ತಡೆದರು. ತಟ್ಟೆಯಲ್ಲಿ ಇನ್ನು ಉಳಿದದ್ದು ಖಣ. “ಜೋಡೀಲೆ ಬಂದವರಿಗೆ ಒಬ್ಬರಿಗೇ ಆಹೇರ ಮಾಡಿ ಕಳಸಬಾರದು,” ಎಂದು ತಮ್ಮಷ್ಟಕ್ಕೇ ಹೇಳಿಕೊಂಡು ಒಳಗೆ ಹೋಗಿ ಇನ್ನೊಂದು ಟಾವೆಲ್, ಇನ್ನೊಂದು ಕಾಯಿ ತಂದರು. ಮಂದಾರ್ ಬಗ್ಗಿ ಅವರ ಕಾಲು ಮುಟ್ಟಿದ. ಆಮೇಲೆ ತನ್ನ ಕನ್ನಡವನ್ನೆಲ್ಲ ಒಟ್ಟುಗೂಡಿಸಿ, “ಊಟ ಆಯ್ತಾ?” ಎಂದು ಕೇಳಿದ.

ಸ್ಕೂಟರಿನಲ್ಲಿ ಅವನ ಹಿಂದೆ ಕೂತು, ಮೈಕಿನಲ್ಲಿ ನಾನು ಹೇಳಿದ್ದನ್ನು ಮರಾಠಿಯಲ್ಲಿ ಹೇಳಿದೆ. ಅವನು ಸಿಗ್ನಲ್ಲಿನಲ್ಲಿ ಕಾಲು ಕೊಟ್ಟು ನಿಂತಾಗ ಹಿಂದಕ್ಕೆ ತಿರುಗಿದ. ಕಣ್ಣು ಒದ್ದೆಯಾಗಿತ್ತು, ದನಿಯಲ್ಲಿ ಸಿಟ್ಟಿತ್ತು.

“ಆಧೀ ಸಾಂಗಾಯ್‌ಚಂ ನಾ! ನೀಟ್ ಉಭಾ ತರೀ ರಾಹಿಲೋ ಅಸತೋ.”

ಮೊದಲೇ ಹೇಳಬಾರದಿತ್ತೇ, ಸರಿಯಾಗಿ ನಿಂತಾದರೂ ಇರುತ್ತಿದ್ದೆನಲ್ಲ ಎಂದು. ಸಿಗ್ನಲ್ ಬಿಟ್ಟ ಮೇಲೆ, ಮುಂದಿನ ರವಿವಾರ ಪುಸ್ತಕದ ಮೇಜು ಎಲ್ಲಿ ಎಂದು ಕೇಳಿದ. ಸಾಸವಡದಲ್ಲಿ ಎಂದೆ. ಹಾಗಾದರೆ ನನ್ನ ನೀಲಿ ಅಂಗಿ ಇಸ್ತ್ರಿ ಮಾಡಿಡು ಎಂದ. ಈ ವಾರ ಇಸ್ತ್ರಿ ಯಾರ ಪಾಳಿ ಎಂಬುದರ ಮೇಲೆ ವಾಕಡ ಮುಟ್ಟುವವರೆಗೂ ಜಗಳವಾಡಿದೆವು.